ಕಲ್ಲು ಹೇಳದ ನಿಯಮ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಪರಿಸರದ ನೆಲದಡಿಯಲ್ಲಿ ಸುಣ್ಣಕಲ್ಲು ಪದರಪದರವಾಗಿ ಹಬ್ಬಿದೆ. ಎಬ್ಬಿಸಿದರೆ ಅದು ಚಪ್ಪಟೆಯಾದ ಹಾಸುಗಳಾಗಿ ಬಿಡಿಸಿಕೊಳ್ಳುತ್ತದೆ. ಜನರು ಇದನ್ನು ಫರಸಿ ಎನ್ನುತ್ತಾರೆ. ಮನೆಯ ನೆಲಕ್ಕೂ ಊರಿನ ಕಟ್ಟೆಗೂ ಒದಗುವ ಈ ಕಲ್ಲು ಆಟಕ್ಕೂ ಒದಗುತ್ತದೆ. ಅದರ ಮೇಲೆ ಇದ್ದಿಲಿನಿಂದ ಗೆರೆಗಳನ್ನು ಎಳೆದರೆ ಆಟದ ಮನೆ ಸಿದ್ಧವಾಯಿತು.

ಕೆಲವೆಡೆ ಇಂಥ ಗೆರೆಗಳು ಕಲ್ಲಿನಲ್ಲಿಯೇ ಕೊರೆಯಲ್ಪಟ್ಟಿವೆ. ಹಂಪೆಯ ಮಂಟಪಗಳ ನೆಲಗಟ್ಟಿನಲ್ಲಿ ಅವುಗಳನ್ನು ಇಂದಿಗೂ ಕಾಣಬಹುದು. ಕೊರೆದವರು ಶಿಲ್ಪಿಗಳೋ, ದನಗಾಹಿಗಳೋ, ಕಲ್ಲು ಹೇಳುವುದಿಲ್ಲ. ಆಟದ ನಿಯಮವನ್ನಂತೂ ಹೇಳುವುದೇ ಇಲ್ಲ.

ಹುಲಿ-ಕುರಿ ಆಟವನ್ನೇ ನೋಡೋಣ. ಅದರ ಒಂದು ಬಗೆಯಲ್ಲಿ ಗೆರೆಗಳು ಕೂಡುವ 23 ಸ್ಥಾನಗಳು, 3 ಹುಲಿಗಳು, 15 ಕುರಿಗಳು ಇರುತ್ತವೆ. ಹುಲಿಯು ಪಕ್ಕದ ಕುರಿಯನ್ನು ದಾಟಿ ಆಚೆಯ ಬರಿದಾದ ಸ್ಥಾನಕ್ಕೆ ನೆಗೆದರೆ ಆ ಕುರಿ ಸತ್ತಂತೆ. ಕುರಿಗಳಿಗೆ ನೆಗೆಯುವ ಶಕ್ತಿಯಿಲ್ಲ. ಒಗ್ಗಟ್ಟಾಗಿ ನಿಂತು ಹುಲಿಗಳ ದಾರಿ ಕಟ್ಟುವುದೇ ಅವುಗಳ ಗೆಲುವು. ಎಲ್ಲ ಕುರಿಗಳನ್ನು ಇಟ್ಟು ಮುಗಿಯುವವರೆಗೆ ಯಾವ ಕುರಿಯೂ ಕದಲಬಾರದು. ಇದನ್ನೆಲ್ಲ ಬರಿಯ ಗೆರೆಗಳಿಂದ ಊಹಿಸಬಲ್ಲವರಾರು?

ಹಳೆಯ ಬದುಕನ್ನು ನಡೆಸಿ ತೋರಿಸುವ ವಸ್ತುಸಂಗ್ರಹಾಲಯಗಳು ವಿದೇಶಗಳಲ್ಲಿವೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ 1891ರಲ್ಲಿ ಸ್ಥಾಪಿತವಾದ ಸ್ಕಾನ್ಸೆನ್ ಅಂಥದು. ಇಂಥ ಕಡೆ ಇಂಗ್ಲಿಷರ ಹುಲ್ಲಂಗಳದ ಚೆಂಡಾಟವನ್ನು ಮರಳಿ ತರಬೇಕಾದರೆ ಅಂಗಳವನ್ನು ಸಮತಟ್ಟಾಗಿಸಿದರೆ ಸಾಲದು. ಆ ಚೆಂಡು ಉರುಳುತ್ತ ಒಂದು ಮಗ್ಗುಲಿಗೆ ಬಾಗುವಂತೆಯೇ ರಚಿತವಾಗಿದೆ. ಆಟವರಿಯದವನು ಅದನ್ನು ದೋಷವೆಂದೇ ಬಗೆದಾನು!

ನಮ್ಮಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹಲವು ಆಟಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗವು ಆಟಗಳಿಗೇ ಮೀಸಲಾಗಿದೆ. ಅದೇ ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಹಳೆಯ ಆಟದ ಮನೆಗಳನ್ನು ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ, ಪ್ರದರ್ಶನಗಳನ್ನು ಏರ್ಪಡಿಸಿದೆ. ಅರಸರ ಆಟಗಳಿಗೆ ಗ್ರಂಥದ ಆಸರೆಯಿತ್ತು. ಕಟ್ಟೆಯ ಆಟಗಳಿಗೆ ಹಿರಿಯರ ನೆನಪೇ ಗ್ರಂಥ. ಆ ನೆನಪು ಅಳಿದರೆ ಕಲ್ಲು ಉಳಿದೂ ಆಟ ಅಳಿಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಊರು ಸೇಡಮ್ಮೇ ಇರಲಿ, ಚಿಂಚೋಳಿಯೇ ಇರಲಿ, ಅಲ್ಲಿಯ ಹಿರಿಯರನ್ನು ಕೇಳಿರಿ. ಅವರು ಆಡಿದ ಆಟದ ಗೆರೆಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿರಿ. ಒಂದೇ ಆಟಕ್ಕೆ ಇಬ್ಬರು ಎರಡು ನಿಯಮ ಹೇಳಿದರೆ ಎರಡನ್ನೂ ಬರೆಯಿರಿ. ಒಂದನ್ನು ಅಳಿಸುವ ಅಧಿಕಾರ ನಮಗಿಲ್ಲ. ಹಳೆಯ ಸ್ಮಾರಕಗಳ ಮೇಲೆ ಎಂದಿಗೂ ಗೀಚಬೇಡಿರಿ. ಅಂಗಳದ ಫರಸಿಯ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು, ಆ ಹಿರಿಯರೊಡನೆಯೇ ಕುಳಿತು ಒಂದು ಆಟ ಆಡಿರಿ.