ಬಲಪಟದ ಅಳತೆ ಎಷ್ಟು? ನಾವೇ ಲೆಕ್ಕ ಹಾಕೋಣ

ಗಾಳಿಪಟ ಹಾರಿಸುವಾಗ ದಾರವು ನಿಮ್ಮ ಬೆರಳನ್ನು ಜಗ್ಗುವುದನ್ನು ಗಮನಿಸಿದ್ದೀರಲ್ಲವೆ? ಕಾಗದದ ಪುಟ್ಟ ಪಟ ಬೆರಳನ್ನಷ್ಟೇ ಜಗ್ಗುತ್ತದೆ. ಆದರೆ ಮನುಷ್ಯನನ್ನೇ ಎಳೆದುಕೊಂಡು ಹೋಗುವ ಪಟಗಳೂ ಇವೆ! ಇವನ್ನು ‘ಪವರ್ ಕೈಟ್’ ಎನ್ನುತ್ತಾರೆ. ನಾವು ‘ಬಲಪಟ’ ಎಂದು ಕರೆಯೋಣ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾರ್ಜ್ ಪೊಕಾಕ್ ಎಂಬ ಶಾಲಾ ಶಿಕ್ಷಕರಿದ್ದರು. ಗಾಳಿಪಟಗಳೇ ಎಳೆಯುವ ಗಾಡಿಯೊಂದಕ್ಕೆ ಅವರು 1826ರಲ್ಲಿ ಪೇಟೆಂಟ್ ಪಡೆದರು. ಆ ಗಾಡಿಗೆ ಕುದುರೆಯೇ ಬೇಡ! 1964ರಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ಕಡ್ಡಿಯೇ ಇಲ್ಲದ ಪಟವನ್ನು ರೂಪಿಸಿದರು. ಅದರಲ್ಲಿ ಬಟ್ಟೆಯ ಎರಡು ಪದರಗಳು. ಅವುಗಳ ನಡುವೆ ಸಾಲು ಸಾಲಾಗಿ ಹೊಲಿದ ಕೋಣೆಗಳು. ಮುಂಭಾಗದ ಬಾಯಿಗಳಿಂದ ಗಾಳಿ ಒಳನುಗ್ಗಿದಾಗ ಪಟ ದಿಂಬಿನಂತೆ ಉಬ್ಬಿ, ವಿಮಾನದ ರೆಕ್ಕೆಯ ಆಕಾರ ಪಡೆಯುತ್ತದೆ. ಇಂದಿನ ಅನೇಕ ಬಲಪಟಗಳು ಈ ಬಗೆಯವು.

ಚೀಟಿ ಇಲ್ಲದ ಪಟ

ಬಲಪಟದ ಗಾತ್ರವನ್ನು ಚದರ ಮೀಟರಿನಲ್ಲಿ ಹೇಳುವುದು ರೂಢಿ. ಹೊಸ ಪಟದ ಮೇಲೆ ಅದು ಅಚ್ಚಾಗಿರುತ್ತದೆ. ಇಂಗ್ಲೆಂಡಿನ ಕಡಲತೀರದಲ್ಲಿ ಒಬ್ಬರು ಬೇರೆಯವರು ಬಳಸಿದ ಪಟವೊಂದನ್ನು ಕೊಂಡರು ಎಂದಿಟ್ಟುಕೊಳ್ಳಿ. ಅದರ ಮೇಲಿನ ಅಂಕಿ ಅಳಿಸಿಹೋಗಿದೆ. ಗಾತ್ರ ತಿಳಿಯದೆ ಹಾರಿಸಿದರೆ ಏನಾದೀತು?

ಗಾಳಿಯು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುತ್ತಿರಲಿ. ಗಾಳಿಗೆ ಎದುರಾಗಿ ಹಿಡಿದ 1 ಚದರ ಮೀಟರ್ ಹಾಳೆಯ ಮೇಲೆ ಅದು ಸುಮಾರು 15 ನ್ಯೂಟನ್ ಬಲ ಹಾಕುತ್ತದೆ. ಅಂದರೆ, ಸುಮಾರು ಒಂದೂವರೆ ಕಿಲೋಗ್ರಾಂ ತೂಕವನ್ನು ಹೊತ್ತಂತೆ. ಹಾಳೆಯ ವಿಸ್ತೀರ್ಣ ಎರಡರಷ್ಟಾದರೆ ಬಲವೂ ಎರಡರಷ್ಟು. ಆದರೆ ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು! ಆದ್ದರಿಂದ ಚಿಕ್ಕದೆಂದು ತಿಳಿದು ದೊಡ್ಡ ಪಟ ಹಾರಿಸಿದವರು ಜೋರು ಗಾಳಿಗೆ ಸಿಕ್ಕಿ ಮುಗ್ಗರಿಸಿ ಬೀಳಬಹುದು, ನೆಲದ ಮೇಲೆ ಎಳೆದಾಡಿಸಿಕೊಳ್ಳಬಹುದು.

ಅಳೆಯುವುದು ಹೇಗೆ?

ಗಾಳಿಯಾಡದ ದೊಡ್ಡ ಕೋಣೆಯ ನೆಲದ ಮೇಲೆ ಪಟವನ್ನು ಸುಕ್ಕಿಲ್ಲದಂತೆ ಹರಡಬೇಕು. ಬಟ್ಟೆಯನ್ನು ಬಿಗಿಯಾಗಿ ಎಳೆಯಬಾರದು. ಅಂಚುಗಳ ಮೇಲೆ ಪುಸ್ತಕಗಳನ್ನಿಟ್ಟರೆ ಸರಿಯುವುದಿಲ್ಲ.

ನಮ್ಮ ಪಟ ಒಂದು ತುದಿಯಿಂದ ಇನ್ನೊಂದು ತುದಿಗೆ 4 ಮೀಟರ್ ಉದ್ದವಿದೆ. ಮಧ್ಯದಲ್ಲಿ 1 ಮೀಟರ್ ಅಗಲವಿದೆ. 4 × 1 = 4 ಚದರ ಮೀಟರ್ ಎನ್ನೋಣವೆ? ಅವಸರ ಬೇಡ. ಪಟ ಆಯತಾಕಾರವಾಗಿಲ್ಲ, ತುದಿಗಳತ್ತ ಕಿರಿದಾಗುತ್ತದೆ.

ಎಡಭಾಗ ಮತ್ತು ಬಲಭಾಗ ಒಂದೇ ರೀತಿ ಇರುವುದರಿಂದ ಅರ್ಧ ಪಟವನ್ನು ಅಳೆದರೆ ಸಾಕು. ಮಧ್ಯದಿಂದ ತುದಿಯವರೆಗೆ 50 ಸೆಂ.ಮೀ.ಗೊಂದರಂತೆ ಗುರುತು ಮಾಡಿ, ಪ್ರತಿ ಗುರುತಿನಲ್ಲೂ ಅಗಲ ಅಳೆಯಬೇಕು. ನಮಗೆ ಸಿಕ್ಕ ಅಗಲಗಳು: 100, 98, 92, 80, 40 ಸೆಂ.ಮೀ.

ಈಗ ಅರ್ಧ ಪಟದಲ್ಲಿ ನಾಲ್ಕು ಪಟ್ಟಿಗಳಾದವು. ಪ್ರತಿಯೊಂದೂ ಹೆಚ್ಚುಕಡಿಮೆ ತ್ರಾಪಿಜ್ಯ. ಎರಡು ಬದಿಯ ಅಗಲಗಳ ಸರಾಸರಿಯನ್ನು 50ರಿಂದ ಗುಣಿಸಿದರೆ ಅದರ ವಿಸ್ತೀರ್ಣ ಸಿಗುತ್ತದೆ.

ಒಂದನೆಯ ಪಟ್ಟಿ: 99 × 50 = 4,950 ಚದರ ಸೆಂ.ಮೀ.
ಎರಡನೆಯದು: 95 × 50 = 4,750
ಮೂರನೆಯದು: 86 × 50 = 4,300
ನಾಲ್ಕನೆಯದು: 60 × 50 = 3,000

ಒಟ್ಟು 17,000 ಚದರ ಸೆಂ.ಮೀ. 1 ಚದರ ಮೀಟರಿನಲ್ಲಿ 10,000 ಚದರ ಸೆಂ.ಮೀ. ಇರುತ್ತವೆ. ಹಾಗಾಗಿ ಅರ್ಧ ಪಟ 1.7 ಚದರ ಮೀಟರ್. ಇಡೀ ಪಟ 3.4 ಚದರ ಮೀಟರ್.

ಇನ್ನು ಸೆಳೆತದ ಲೆಕ್ಕ. ಸೆಕೆಂಡಿಗೆ 5 ಮೀಟರ್ ಗಾಳಿಯಲ್ಲಿ 3.4 × 15 = 51 ನ್ಯೂಟನ್; ಸುಮಾರು 5 ಕಿಲೋಗ್ರಾಂ ತೂಕ. ಗಾಳಿ 10 ಮೀಟರಿಗೆ ಏರಿದರೆ ಸುಮಾರು 20 ಕಿಲೋಗ್ರಾಂ! ಇದು ಅಂದಾಜು ಮಾತ್ರ. ಪಟವು ಪಕ್ಕಕ್ಕೆ ರಭಸದಿಂದ ಹಾರುವಾಗ ಅದಕ್ಕೆ ತಗಲುವ ಗಾಳಿಯ ವೇಗ ಇನ್ನೂ ಹೆಚ್ಚು. ಆಗ ಸೆಳೆತವೂ ಹೆಚ್ಚು.

ಎರಡು ಕಡೆ ಎಚ್ಚರ

ಬಟ್ಟೆ ಎರಡು ಪದರ ಇದೆಯೆಂದು ವಿಸ್ತೀರ್ಣವನ್ನು ಎರಡರಿಂದ ಗುಣಿಸಬಾರದು. ರೆಕ್ಕೆ ಒಂದೇ ತಾನೆ? ಇನ್ನೊಂದು ವಿಷಯ: ಹಾರುವಾಗ ಪಟ ಬಿಲ್ಲಿನಂತೆ ಬಾಗುತ್ತದೆ. ಆಗ ಅದರ ನೆರಳಿನ ವಿಸ್ತೀರ್ಣ ಕಡಿಮೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಾಳೆಯೊಂದನ್ನು ಮೊದಲು ಚಪ್ಪಟೆಯಾಗಿ, ಬಳಿಕ ಬಾಗಿಸಿ ಹಿಡಿದು ನೆರಳನ್ನು ನೋಡಿ. ಆದ್ದರಿಂದ ಎರಡು ಪಟಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ರೀತಿ ಅಳೆದಿರಬೇಕು.

ನೀವೂ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ನಕ್ಷೆ ಹಾಳೆ, ಅಳತೆಪಟ್ಟಿ, ಪೆನ್ಸಿಲ್.

10 ಸೆಂ.ಮೀ.ಗೆ 1 ಸೆಂ.ಮೀ.ನಂತೆ ನಮ್ಮ ಅರ್ಧ ಪಟದ ಚಿತ್ರವನ್ನು ಬರೆಯಿರಿ. ಅದು 20 ಸೆಂ.ಮೀ. ಉದ್ದವಾಗುತ್ತದೆ. ಒಳಗಿನ 1 ಸೆಂ.ಮೀ. ಚೌಕಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಒಂದೆಂದು ಎಣಿಸಿ, ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಸರಿಯಾಗಿ ಅರ್ಧವಿದ್ದರೆ ಅರ್ಧವೆಂದೇ ಎಣಿಸಿ. ಎಣಿಕೆ 170ರ ಆಸುಪಾಸಿಗೆ ಬಂದಿತೆ? ಒಂದೊಂದು ಚೌಕವೂ ನಿಜವಾದ ಪಟದ 100 ಚದರ ಸೆಂ.ಮೀ.ಗೆ ಸಮ. ಏಕೆ 10 ಅಲ್ಲ, 100? ಯೋಚಿಸಿ.

ಇದೇ ರೀತಿ ಎಲೆಯೊಂದರ, ನಿಮ್ಮ ಅಂಗೈಯ, ಮನೆಯ ಗಾಳಿಪಟದ ವಿಸ್ತೀರ್ಣವನ್ನೂ ಕಂಡುಹಿಡಿಯಿರಿ. ಗಾಳಿಪಟವನ್ನು ಬಯಲಿನಲ್ಲೇ ಹಾರಿಸಿ. ವಿದ್ಯುತ್ ತಂತಿಯ ಹತ್ತಿರ, ಗುಡುಗು ಮಳೆಯ ಹೊತ್ತಿನಲ್ಲಿ ಬೇಡವೇ ಬೇಡ. ದಾರವನ್ನು ಎಂದೂ ಕೈಗೆ, ಸೊಂಟಕ್ಕೆ ಕಟ್ಟಿಕೊಳ್ಳಬೇಡಿ.

ಕೊನೆಗೊಂದು ಪ್ರಶ್ನೆ: ಪಟದ ಉದ್ದ, ಅಗಲ ಎರಡನ್ನೂ ಎರಡರಷ್ಟು ಮಾಡಿದರೆ ಅದೇ ಗಾಳಿಯಲ್ಲಿ ಸೆಳೆತ ಎಷ್ಟು ಪಟ್ಟಾಗುತ್ತದೆ? ಲೆಕ್ಕ ಮಾಡಿ, ನಿಮ್ಮ ಗುರುಗಳಿಗೆ ತೋರಿಸಿ.