ಸಿಜಿಪಿಎ: ಯಾವ ಬಾಗಿಲಲ್ಲಿ ಎಷ್ಟು ಕೇಳುತ್ತಾರೆ?

ಪಾರಿಶ್ವಾಡ, ಇಟಗಿ, ಗಂದಿಗವಾಡ ಕಡೆಯ ಮಕ್ಕಳು ಪದವಿ ಓದಲು ಖಾನಾಪುರಕ್ಕೋ ಬೆಳಗಾವಿಗೋ ಬಸ್ ಹತ್ತುತ್ತಾರೆ. ಸೆಮಿಸ್ಟರ್ ಮುಗಿದು ಅಂಕಪಟ್ಟಿ ಬಂದಾಗ ಮನೆಯವರು ಕೇಳುವುದು ಒಂದೇ: ಪಾಸಾದೆಯಾ? ಅಲ್ಲಿರುವ 6.84, 7.20ರಂಥ ಸಂಖ್ಯೆಯ ಬಗ್ಗೆ ಯಾರೂ ಕೇಳುವುದಿಲ್ಲ. ಮುಂದೆ ಕಾಲೇಜು ಬದಲಿಸುವಾಗ, ಎಂ.ಎ., ಬಿ.ಇಡಿ., ಎಂಬಿಎಗೆ ಅರ್ಜಿ ಹಾಕುವಾಗ ಆ ಸಂಖ್ಯೆಗೆ ಒಂದೊಂದು ಕಡೆ ಒಂದೊಂದು ತೂಕ. ಇದನ್ನು ಮೊದಲ ವರ್ಷದಲ್ಲೇ ತಿಳಿದುಕೊಳ್ಳಬೇಕು.

ಮೊದಲು ಲೆಕ್ಕ ಕಲಿಯಿರಿ

ಯುಜಿಸಿಯ ಹತ್ತು ಅಂಶಗಳ ಮಾಪನದಲ್ಲಿ ‘ಒ’ ಗ್ರೇಡ್‌ಗೆ 10, ‘ಎ ಪ್ಲಸ್’ಗೆ 9, ‘ಎ’ಗೆ 8; ಹೀಗೆ ಇಳಿಯುತ್ತ ಬರೀ ಪಾಸಾದರೆ 4, ಫೇಲಾದರೆ ಸೊನ್ನೆ. ಪ್ರತಿ ವಿಷಯದ ಗ್ರೇಡ್ ಅಂಶವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಆ ಸೆಮಿಸ್ಟರ್‌ನ ಎಸ್‌ಜಿಪಿಎ. ನಾಲ್ಕು ಕ್ರೆಡಿಟ್‌ನ ಎರಡು ವಿಷಯಗಳಲ್ಲಿ 9 ಮತ್ತು 6, ಎರಡು ಕ್ರೆಡಿಟ್‌ನ ಒಂದರಲ್ಲಿ 10 ಬಂದರೆ ಉತ್ತರ 8.0. ಆರು ಬಂದ ದೊಡ್ಡ ವಿಷಯವೇ ಕೆಳಗೆ ಎಳೆದದ್ದು. ಓದುವ ಸಮಯವನ್ನು ಕ್ರೆಡಿಟ್ ನೋಡಿ ಹಂಚಿಕೊಳ್ಳಿ.

ಎಲ್ಲ ಸೆಮಿಸ್ಟರ್‌ಗಳನ್ನೂ ಹೀಗೇ ಕ್ರೆಡಿಟ್ ಲೆಕ್ಕದಲ್ಲಿ ಸೇರಿಸಿದರೆ ಸಿಜಿಪಿಎ. ಇಲ್ಲಿ ಒಂದು ಕಠಿಣ ಸತ್ಯವಿದೆ. ಮೂರು ವರ್ಷದ ಪದವಿಯಲ್ಲಿ ಪ್ರತಿ ಸೆಮಿಸ್ಟರ್‌ಗೂ ಸಮ ಕ್ರೆಡಿಟ್ ಎಂದುಕೊಳ್ಳಿ. ಮೊದಲ ಎರಡರಲ್ಲಿ 6.2 ಬಂದವರು 7.5 ಮುಟ್ಟಲು ಉಳಿದ ನಾಲ್ಕರಲ್ಲಿ ಸರಾಸರಿ 8.15 ತೆಗೆಯಬೇಕು, ಕಷ್ಟ, ಆದರೆ ಆಗದ್ದಲ್ಲ. ನಾಲ್ಕು ಸೆಮಿಸ್ಟರ್ ಕಳೆದರೂ 6.2ರಲ್ಲೇ ಇದ್ದರೆ ಉಳಿದೆರಡರಲ್ಲಿ 10.1 ಬೇಕು. ಹತ್ತಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ. ಕೊನೆಯ ವರ್ಷ ನೋಡಿಕೊಂಡರಾಯಿತು ಎಂಬ ಮಾತನ್ನು ನಂಬಬೇಡಿ.

ಕಾಲೇಜು ಬದಲಿಸುವವರಿಗೆ

ಇಲ್ಲಿ ಸಿಜಿಪಿಎಗಿಂತ ಬೇರೆ ಸಂಗತಿಗಳೇ ಮುಖ್ಯ. ಬೆಳಗಾವಿಯ ಕಾಲೇಜಿನಿಂದ ಖಾನಾಪುರಕ್ಕೆ ಬರುವವರು ಮೊದಲು ಹೊಸ ಕಾಲೇಜಿನಲ್ಲಿ ಸೀಟು ಖಾಲಿ ಇದೆಯೇ, ನಿಮ್ಮದೇ ವಿಷಯ ಸಂಯೋಜನೆ ಇದೆಯೇ ಎಂದು ಕೇಳಿಕೊಳ್ಳಿ. ನಂತರ ಎರಡೂ ಕಾಲೇಜುಗಳ ಒಪ್ಪಿಗೆ ಪತ್ರ, ವಿಶ್ವವಿದ್ಯಾಲಯದ ಅನುಮತಿ, ಟಿ.ಸಿ. ಬೇಕು. ಎರಡೂ ಕಾಲೇಜುಗಳು 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗಿದ್ದರೆ ಪಠ್ಯ ಹೊಂದಿಸುವ ತಲೆನೋವು ಕಡಿಮೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೋ, ಗೋವಾ ಅಥವಾ ಕೊಲ್ಹಾಪುರಕ್ಕೋ ಹೋಗುವವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಓದಿದ ವಿಷಯಗಳು ಅಲ್ಲಿಯವಕ್ಕೆ ಹೊಂದುತ್ತವೆಯೇ ಎಂಬ ಪರಿಶೀಲನೆಯೂ ಆಗುತ್ತದೆ. ಬ್ಯಾಕ್‌ಲಾಗ್ ಇದ್ದರೆ ಮೊದಲು ಅದನ್ನು ಮುಗಿಸಿ. 

ಸ್ನಾತಕೋತ್ತರಕ್ಕೆ: ಮಿತಿಯೋ, ರ‍್ಯಾಂಕೋ?

ಅರ್ಜಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಪದವಿಯ ಅಂಕ ಬರೀ ಅರ್ಹತೆಯ ಮಿತಿಯೋ, ರ‍್ಯಾಂಕನ್ನೇ ನಿರ್ಧರಿಸುತ್ತದೆಯೋ? ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮೂಲಕ ಎಂಬಿಎ, ಎಂಸಿಎ ಸೇರುವವರಿಗೆ ಪದವಿಯ ಅಂಕ ಬರೀ ಮಿತಿ: ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ 45. ಅದು ದಾಟಿದ ಮೇಲೆ ಪರೀಕ್ಷೆಯ ರ‍್ಯಾಂಕೇ ಸೀಟು ತರುತ್ತದೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಬರೆಯಬೇಕು. ಸಿಜಿಪಿಎ ಸಾಧಾರಣವಿರುವ, ಆದರೆ ಓದಲು ಸಿದ್ಧರಿರುವ ಹಳ್ಳಿಯ ಮಕ್ಕಳಿಗೆ ನನ್ನ ಮೊದಲ ಸಲಹೆ ಈ ಪ್ರವೇಶ ಪರೀಕ್ಷೆಗಳೇ. ಪದವಿಯ ಅಂಕದ ಮೇಲೆಯೇ ಮೆರಿಟ್ ಪಟ್ಟಿ ಮಾಡುವ ಬಿ.ಇಡಿ.ಯಂಥ ಕಡೆ ಮಾತ್ರ ದಶಮಾಂಶವೂ ಲೆಕ್ಕಕ್ಕೆ ಬರುತ್ತದೆ. ಎಂ.ಎ., ಎಂ.ಕಾಂ.ಗೆ ಆಯ್ದ ವಿಷಯದ ಅಂಕವನ್ನು ಬೇರೆಯಾಗಿ ನೋಡುವುದೂ ಉಂಟು.

ಪರ್ಸೆಂಟೇಜ್ ಕೇಳಿದಾಗ ಸಿಜಿಪಿಎಯನ್ನು ಹತ್ತರಿಂದ ಗುಣಿಸಿ ತುಂಬಿಬಿಡಬೇಡಿ. ಬೆಳಗಾವಿಯಲ್ಲೇ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮ್‌ನಲ್ಲಿ ಮೊದಲು 0.75 ಕಳೆದು, ಆಮೇಲೆ ಹತ್ತರಿಂದ ಗುಣಿಸಬೇಕು. ಅಂದರೆ 5.6 ಸಿಜಿಪಿಎ ಶೇ 56 ಅಲ್ಲ, ಶೇ 48.5. ಸಾಮಾನ್ಯ ವರ್ಗದ ಅಭ್ಯರ್ಥಿ ಅಲ್ಲಿಗೆ ಶೇ 50ರ ಮಿತಿಯ ಕೆಳಗೆ ಬಿದ್ದಂತೆ. ನಿಮ್ಮ ವಿಶ್ವವಿದ್ಯಾಲಯದ, ನಿಮ್ಮ ಸ್ಕೀಮ್‌ನ ಸೂತ್ರವನ್ನೇ ಬಳಸಿ. ಅನುಮಾನವಿದ್ದರೆ ಪರೀಕ್ಷಾ ವಿಭಾಗದಿಂದ ಪರಿವರ್ತನೆ ಪ್ರಮಾಣಪತ್ರ ಪಡೆಯಿರಿ.

ಮುಂದೆ ಉಪನ್ಯಾಸಕರಾಗುವ ಆಸೆ ಇರುವವರು ಇನ್ನೊಂದು ಗೆರೆ ನೆನಪಿಡಿ: ಯುಜಿಸಿ ನೆಟ್‌ಗೆ ಸ್ನಾತಕೋತ್ತರದಲ್ಲಿ ಶೇ 55 ಬೇಕು, ಮೀಸಲು ವರ್ಗಗಳಿಗೆ ಶೇ 50.

ಕೊನೆಯದಾಗಿ ಕಾಗದಪತ್ರ. ಡಿಜಿಲಾಕರ್‌ನಲ್ಲಿ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆ ತೆರೆದರೆ ನೀವು ಗಳಿಸಿದ ಕ್ರೆಡಿಟ್‌ಗಳು ಅಲ್ಲಿ ದಾಖಲಾಗುತ್ತವೆ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ತೊಡಕಾಗುತ್ತದೆ. ಅದನ್ನು ಅರ್ಜಿಯ ಕೊನೆಯ ವಾರದವರೆಗೆ ಬಿಡದೆ, ರಜೆಯಲ್ಲೇ ಸರಿಪಡಿಸಿಕೊಳ್ಳಿ.