ಬಟಾಟೆಯ ವಂಶ ಹೇಳುವ ಡಿಎನ್‌ಎ ಗುರುತು

ಜೆಪ್ಪುವಿನ ಅಂಗಡಿಗಳಲ್ಲಿ ಸಿಗುವ ಬಟಾಟೆ ಕರಾವಳಿಯಲ್ಲಿ ಬೆಳೆದದ್ದಲ್ಲ. ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಿಡ ಚೆನ್ನಾಗಿ ಗಡ್ಡೆ ಕಟ್ಟುತ್ತದೆ. ನಮ್ಮ ಸೆಕೆಗೆ ಬರೀ ಸೊಪ್ಪು ಬೆಳೆಯುತ್ತದೆ. ಘಟ್ಟದ ಮೇಲಿನ ಹಾಸನ ಸೀಮೆಗೆ ಮುಂಗಾರಿನ ಹೊತ್ತಿಗೆ ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಹೆಚ್ಚಾಗಿ ಬರುವ ತಳಿ ಕುಫ್ರಿ ಜ್ಯೋತಿ. ಆದರೆ ಮೂಟೆಯೊಳಗಿನದು ಅದೇ ತಳಿಯೇ ಎಂದು ಸಿಪ್ಪೆ, ಕಣ್ಣು ನೋಡಿ ಖಚಿತವಾಗಿ ಹೇಳಲಾಗದು. ಅದಕ್ಕೆ ಡಿಎನ್‌ಎ ಗುರುತುಗಳು ಬೇಕು.

ಡಿಎನ್‌ಎಯಲ್ಲಿ ಕೆಲವು ಕಡೆ ಎರಡು ಮೂರು ಅಕ್ಷರಗಳ ಚಿಕ್ಕ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಕೃಷಿಯಲ್ಲಿರುವ ಆಲೂಗಡ್ಡೆಯ ಪ್ರತಿ ಜೀವಕೋಶದಲ್ಲಿ 12 ವರ್ಣತಂತುಗಳ ನಾಲ್ಕು ಗುಂಪು, ಒಟ್ಟು 48 ಇರುವುದರಿಂದ ಒಂದೇ ಜಾಗದಲ್ಲಿ ನಾಲ್ಕು ಬಗೆಯ ಉದ್ದಗಳು ಸಿಗಬಹುದು. ಅವು ತಂದೆ ತಾಯಿ ತಳಿಗಳಿಂದಲೇ ಬಂದಿರಬೇಕು. ಹೀಗೆ ಹಲವು ಜಾಗಗಳನ್ನು ಹೋಲಿಸಿದರೆ ಯಾವುದು ಯಾವುದರ ಸಂತಾನ ಎಂದು ತಿಳಿಯುತ್ತದೆ. ಗಡ್ಡೆಯಿಂದ ಬೆಳೆದ ಗಿಡ ತಾಯಿಯ ತದ್ರೂಪವಾದ್ದರಿಂದ ಗುರುತು ವರ್ಷ ವರ್ಷ ಬದಲಾಗುವುದಿಲ್ಲ.

ಇನ್ನೊಂದು ಸುಳಿವೂ ಇದೆ. ಎಲೆಗೆ ಹಸಿರು ಕೊಡುವ ಹರಿತ್ತು ಕಣಗಳ ಡಿಎನ್‌ಎ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಚಿಲಿ ದೇಶದ ತಗ್ಗು ಪ್ರದೇಶದ ಬಹುತೇಕ ತಳಿಗಳಲ್ಲಿ ಅದರ 241 ಅಕ್ಷರಗಳ ಒಂದು ಭಾಗವೇ ಇಲ್ಲ. ಭಾರತದ ಹಳೆಯ ನಾಟಿ ತಳಿಗಳು ಆಂಡಿಸ್ ಬೆಟ್ಟಗಳಿಂದ ಬಂದವುಗಳ ಪಳೆಯುಳಿಕೆ ಎಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ವಿಜ್ಞಾನಿ ಡೇವಿಡ್ ಸ್ಪೂನರ್ ಮತ್ತು ಸಂಗಡಿಗರು ಈ ಗುರುತುಗಳಿಂದ ಪರೀಕ್ಷಿಸಿದಾಗ ಅವುಗಳ ನಂಟು ಚಿಲಿಯ ಕಡೆಗೆ ತಿರುಗಿತು. ಮೂರ್ನಾಲ್ಕು ಪೀಳಿಗೆ ಪಾಠ ಹೇಳಿದ ನಂಬಿಕೆಯನ್ನು ಒಂದು ಚೂರು ಎಲೆ ಬದಲಿಸಿದ್ದು ನನಗೆ ಇಂದಿಗೂ ಬೆರಗು.

ರೈತರಿಗೆ ವಂಶದ ಮಾತು ಮುಖ್ಯವಾಗುವುದು ಅಂಗಮಾರಿ ರೋಗದ ವಿಷಯದಲ್ಲಿ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಗೆ ರೋಗ ತಡೆಯುವ ಗುಣ ಬಂದದ್ದು ಮೆಕ್ಸಿಕೊದ ಕಾಡು ಆಲೂಗಡ್ಡೆಯಿಂದ. ಕಾಲಕ್ರಮೇಣ ರೋಗಾಣು ಬದಲಾಗಿ ಆ ತಡೆ ಮುರಿಯಿತು. ಒಂದೇ ಮೂಲದ ತಡೆಯನ್ನು ನೆಚ್ಚಿ ಊರಿಗೆ ಊರೇ ಒಂದೇ ತಳಿ ಹಾಕುವುದು ಅಪಾಯ. ಬೇರೆ ಬೇರೆ ಮೂಲದ ತಡೆಗುಣಗಳು ಒಂದೇ ಸಸಿಗೆ ಬಂದಿವೆಯೇ ಎಂದು ತಳಿ ತಜ್ಞರು ಈಗ ಎಳೆಯ ಎಲೆಯಲ್ಲೇ ನೋಡಬಲ್ಲರು.

ಒಂದು ಎಚ್ಚರ: ಈ ಗುರುತು ತಳಿಯನ್ನು ಹೇಳುತ್ತದೆ, ಗಡ್ಡೆಯ ಆರೋಗ್ಯವನ್ನಲ್ಲ. ಶುದ್ಧ ಜ್ಯೋತಿಯಲ್ಲೂ ಎಲೆ ಸುರುಳಿ ನಂಜು ಇರಬಹುದು. ಅದಕ್ಕೆ ಪರೀಕ್ಷೆಯೇ ಬೇರೆ. ಆದ್ದರಿಂದ ಪ್ರಮಾಣೀಕರಿಸಿದ ಬಿತ್ತನೆ ಗಡ್ಡೆಯನ್ನೇ ಕೊಳ್ಳಿ. ಚೀಟಿ ಮತ್ತು ರಸೀದಿಯನ್ನು ಕೊಯ್ಲಿನವರೆಗೆ ಇಟ್ಟುಕೊಳ್ಳಿ. ಹಾಸನದಲ್ಲಿ ಅಂಗಾಂಶ ಕೃಷಿಯ ತಾಯಿ ಗಿಡಗಳ ಕುಡಿಗೆ ಬೇರು ಬರಿಸಿದ ಸಸಿಗಳೂ ಬಳಕೆಗೆ ಬಂದಿವೆ. ತಳಿಯೂ ಗೊತ್ತಿರುತ್ತದೆ, ನಂಜಿನ ಭಯವೂ ಕಡಿಮೆ. ಮೊದಲ ವರ್ಷ ಸ್ವಲ್ಪ ಜಾಗದಲ್ಲಿ ನೆಟ್ಟು, ಬಂದ ಗಡ್ಡೆಯನ್ನು ಮುಂದಿನ ಹಂಗಾಮಿನ ಬಿತ್ತನೆಗೆ ಬೇರೆಯಾಗಿ ಕಾಪಾಡಿ.